ಸೋಲುವ ತಂಡಕ್ಕೆ ಬಂದ ಮೇಷ್ಟ್ರು

ಮಲೆನಾಡಿನ ಯಾವುದೇ ಹೈಸ್ಕೂಲಿನಲ್ಲಿ ಓದಿದವರಿಗೆ ಡ್ರಿಲ್ ಮೇಷ್ಟ್ರನ್ನು ಪರಿಚಯಿಸಬೇಕಾಗಿಲ್ಲ. ಕೊರಳಲ್ಲಿ ಸೀಟಿ, ಕೈಯಲ್ಲಿ ಬೆತ್ತ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಹೊಸ ಡ್ರಿಲ್ ಮೇಷ್ಟ್ರು ಬಂದರೆಂದರೆ ಮೊದಲ ವಾರ ಊರಿಗೆಲ್ಲ ಅದೇ ಸುದ್ದಿ. ಐದು ನಿಮಿಷ ತಡವಾದವನು ಮೈದಾನಕ್ಕೆ ಎರಡು ಸುತ್ತು ಓಡಬೇಕು, ಅಂಗಿ ಹೊರಗೆ ಬಿಟ್ಟವನು ಬಿಸಿಲಲ್ಲಿ ನಿಲ್ಲಬೇಕು. ಹಿಂದಿನ ವರ್ಷ ತಾಲ್ಲೂಕು ಮಟ್ಟದಲ್ಲೇ ಸೋತು ಬಂದ ತಂಡವನ್ನು ಈ ವರ್ಷ ಜಿಲ್ಲೆಗೆ ಒಯ್ಯುತ್ತೇನೆಂದು ಅವರು ಪಣ ತೊಡುತ್ತಾರೆ. ಹಿರಿಯರು ಕಟ್ಟೆಯ ಮೇಲೆ ಕುಳಿತು ತಲೆದೂಗುತ್ತಾರೆ: ‘ಈಗ ನೋಡಿ, ಶಿಸ್ತು ಬಂತು.’

ಶಿಸ್ತು ಎಂದರೆ ಏನು? ಸೋಲುತ್ತಿರುವ ತಂಡಕ್ಕೆ ಶಿಸ್ತು ತಂದರೆ ಅದು ಗೆಲ್ಲುತ್ತದೆ ಎಂಬ ನಂಬಿಕೆ ಜಗತ್ತಿನ ಎಲ್ಲ ಕಡೆಯೂ ಇದೆ. ಆ ನಂಬಿಕೆಯಲ್ಲಿ ಸತ್ಯವೂ ಇದೆ. ಆದರೆ ಶಿಸ್ತಿನಲ್ಲಿ ಎರಡು ಬಗೆ. ಒಂದು ಜರಡಿಯಂತೆ ಸೋಸುವ ಶಿಸ್ತು. ತಾಳದವನು ಹೊರಗೆ, ತಾಳಿದವನು ಒಳಗೆ. ಇನ್ನೊಂದು ತೋಟ ಮಾಡುವವನ ಶಿಸ್ತು. ಇರುವ ಗಿಡಕ್ಕೇ ಗೊಬ್ಬರ, ನೀರು ಕೊಟ್ಟು ಫಲ ತೆಗೆಯುವುದು. ಫುಟ್‌ಬಾಲಿನ ಇತಿಹಾಸದಲ್ಲಿ ಈ ಎರಡಕ್ಕೂ ಹೆಸರಾಂತ ಉದಾಹರಣೆಗಳಿವೆ. ಎರಡೂ 1950ರ ದಶಕದವು. ಒಂದು ಅಮೆರಿಕದ ಕಾಲೇಜಿನದು. ಇನ್ನೊಂದು ನಮ್ಮ ನೆರೆಯ ಹೈದರಾಬಾದಿನ ಒಬ್ಬ ಶಾಲಾ ಮೇಷ್ಟ್ರದು. ಈ ಎರಡನೆಯ ಕತೆಯಲ್ಲಿ ಬೆಂಗಳೂರಿನ ಹುಡುಗರ ಪಾಲೂ ಸಾಕಷ್ಟಿದೆ.

ಬರಗಾಲದ ಮೈದಾನ

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವುಚಿ ಹಿಡಿದು, ಮೈಮೇಲೆ ಬೀಳುವವರನ್ನು ನೂಕಿಕೊಂಡು ಓಡುವ ಆಟ ಅದು. ಅಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೆ ಹತ್ತಾರು ಸಾವಿರ ಜನ ಸೇರುತ್ತಾರೆ. ಕೋಚ್ ಎನ್ನುವವನು ಕಾಲೇಜಿನ ಪ್ರಿನ್ಸಿಪಾಲರಿಗಿಂತ ಹೆಚ್ಚು ಪ್ರಸಿದ್ಧ.

1954ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ಎಂಬ ಕಾಲೇಜಿಗೆ ಪಾಲ್ ಬ್ರಯಂಟ್ ಹೊಸ ಕೋಚ್ ಆಗಿ ಬಂದ. ಹುಡುಗನಾಗಿದ್ದಾಗ ಒಂದು ತಮಾಷೆಯ ಪಂದ್ಯದಲ್ಲಿ ಕರಡಿಯೊಡನೆ ಕುಸ್ತಿಗೆ ಇಳಿದಿದ್ದರಿಂದ ಅವನಿಗೆ ‘ಕರಡಿ’ ಎಂಬ ಅಡ್ಡಹೆಸರು. ತಂಡ ಹಿಂದಿನ ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಬ್ರಯಂಟ್ ಆ ವರ್ಷದ ಸೆಪ್ಟೆಂಬರಿನಲ್ಲಿ ಹುಡುಗರನ್ನು ಬಸ್ಸುಗಳಲ್ಲಿ ತುಂಬಿಕೊಂಡು ಜಂಕ್ಷನ್ ಎಂಬ ದೂರದ ಸಣ್ಣ ಊರಿಗೆ ಹೋದ. ಟೆಕ್ಸಾಸಿಗೆ ಆಗ ಭೀಕರ ಬರಗಾಲ. ಮೈದಾನದಲ್ಲಿ ಹುಲ್ಲಿಗಿಂತ ಕಲ್ಲು ಮುಳ್ಳುಗಳೇ ಹೆಚ್ಚು. ಅಂಥಲ್ಲಿ ಸುಮಾರು 10 ದಿನ ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ. ಅಭ್ಯಾಸದ ನಡುವೆ ಕುಡಿಯಲು ನೀರಿಲ್ಲ. ನೀರು ಕೊಟ್ಟರೆ ಆಟಗಾರ ಮೆತ್ತಗಾಗುತ್ತಾನೆ ಎಂಬುದು ಆ ಕಾಲದ ಅನೇಕ ಕೋಚುಗಳ ನಂಬಿಕೆ. ಒಬ್ಬ ಹುಡುಗ ಬಿಸಿಲಿನ ಹೊಡೆತಕ್ಕೆ ಕುಸಿದು ಬಿದ್ದ. ಬಹಳ ಮಂದಿ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿಕೊಂಡು ಊರ ದಾರಿ ಹಿಡಿದರು. ಹೋಗುವಾಗ ತುಂಬಿದ್ದ ಬಸ್ಸುಗಳು ಬರುವಾಗ ಮುಕ್ಕಾಲು ಪಾಲು ಖಾಲಿಯಾಗಿದ್ದವೆಂದು ಹೇಳುತ್ತಾರೆ.

ಫಲ? ಆ ವರ್ಷ ತಂಡ 10 ಪಂದ್ಯ ಆಡಿ ಗೆದ್ದದ್ದು ಒಂದೇ ಒಂದು. ಎರಡು ವರ್ಷದ ಮೇಲೆ, 1956ರಲ್ಲಿ, ಒಂದೂ ಪಂದ್ಯ ಸೋಲದೆ ತನ್ನ ವಲಯದ ಚಾಂಪಿಯನ್ ಆಯಿತು. ಗೆದ್ದ ಮೇಲೆ ಎಲ್ಲರಿಗೂ ನೆನಪಾದದ್ದು ಜಂಕ್ಷನ್. ಆ 10 ದಿನಗಳ ಬಗ್ಗೆ ಪುಸ್ತಕ ಬಂತು, ಚಿತ್ರ ಬಂತು. ‘ಬೆಂಕಿಯಲ್ಲಿ ಬೆಂದರೇ ಚಿನ್ನ’ ಎಂಬ ಮಾತಿಗೆ ಅದು ಸಾಕ್ಷಿಯಾಯಿತು. ಆದರೆ 1956ರಲ್ಲಿ ಆಡಿದ ತಂಡದಲ್ಲಿ ಜಂಕ್ಷನ್‌ನ ಬಿಸಿಲು ಕಂಡವರು ಬೆರಳೆಣಿಕೆಯಷ್ಟು ಮಾತ್ರ. ಉಳಿದವರು ಅನಂತರ ಬಂದ ಹೊಸಬರು. ಅಂದರೆ ತಂಡವನ್ನು ಗೆಲ್ಲಿಸಿದ್ದು ಆ ಬಿಸಿಲೋ, ಅನಂತರದ ಎರಡು ವರ್ಷಗಳ ಪಾಠವೋ ಎಂಬ ಪ್ರಶ್ನೆ ಉಳಿಯುತ್ತದೆ. ರಾತ್ರೋರಾತ್ರಿ ಹೊರಟುಹೋದ ಹುಡುಗರಲ್ಲಿ ಒಳ್ಳೆಯ ಆಟಗಾರರು ಎಷ್ಟಿದ್ದರು ಎಂಬುದಕ್ಕಂತೂ ಯಾರಲ್ಲೂ ಲೆಕ್ಕವಿಲ್ಲ.

ಬರಿಗಾಲಿನ ಹೆಮ್ಮೆ

ಈಗ ನಮ್ಮ ಕಡೆಗೆ ಬರೋಣ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತದ ಫುಟ್‌ಬಾಲಿಗೆ ಮೂರು ದೊಡ್ಡ ನೆಲೆಗಳಿದ್ದವು: ಕಲ್ಕತ್ತ, ಹೈದರಾಬಾದ್, ಬೆಂಗಳೂರು. ಬೆಂಗಳೂರಿಗೆ ಈ ಆಟ ದಂಡು ಪ್ರದೇಶದ ಬ್ರಿಟಿಷ್ ರೆಜಿಮೆಂಟುಗಳಿಂದ ಬಂತು. ಸಿಪಾಯಿಗಳು ಬೂಟು ಹಾಕಿ ಆಡುವುದನ್ನು ಬೇಲಿಯಾಚೆಯಿಂದ ನೋಡಿದ ಆಸ್ಟಿನ್ ಟೌನ್, ಗೌತಮಪುರ, ಶಿವಾಜಿನಗರದ ಹುಡುಗರು ಬರಿಗಾಲಲ್ಲಿ ಆಡಿ ಕಲಿತರು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ ಹೆಚ್ಚಾಗಿ ಗೋರಾ ಪಲ್ಟನ್ನುಗಳ ಸೊತ್ತಾಗಿತ್ತು. ಮೈಸೂರು ಸಂಸ್ಥಾನದ ತಂಡ 1946-47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಪಡೆಯಿತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿನ ಎದುರು 1-2ರಿಂದ ಸೋತಿತು. ಭಾರತದ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಸಿಕ್ಕ ಎರಡು ಪೆನಾಲ್ಟಿ ಕೈತಪ್ಪಿದರೂ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದು ಲಂಡನ್ನಿನವರಿಗೆ ಸೋಜಿಗವಾಯಿತು. ನಮಗೆ ಅದು ಹೆಮ್ಮೆಯಾಯಿತು. ಹೆಮ್ಮೆ ಕೆಲವೊಮ್ಮೆ ಕಣ್ಣಿಗೆ ಕಟ್ಟಿದ ಬಟ್ಟೆಯೂ ಆಗುತ್ತದೆ.

ಆ ಬಟ್ಟೆ ಬಿಚ್ಚಿದ್ದು 1952ರ ಹೆಲ್ಸಿಂಕಿಯಲ್ಲಿ. ಯುಗೊಸ್ಲಾವಿಯ ಭಾರತವನ್ನು 10-1ರಿಂದ ಸೋಲಿಸಿತು. ಅಲ್ಲಿಯ ಚಳಿ, ಒದ್ದೆ ಹುಲ್ಲು ನಮ್ಮ ಬರಿಗಾಲುಗಳಿಗೆ ಒಗ್ಗಲಿಲ್ಲ. ಒಣನೆಲದಲ್ಲಿ ಚೆಂಡನ್ನು ಬೆರಳಲ್ಲಿ ಆಡಿಸುವ ಕಾಲಿಗೆ ಒದ್ದೆ ಹುಲ್ಲಿನಲ್ಲಿ ಹಿಡಿತವೇ ಸಿಗದು. ಅಂದಿನ ಏಕೈಕ ಗೋಲೂ ಬೆಂಗಳೂರಿನವರದೇ. ಹೊಡೆದವರು ಅಹ್ಮದ್ ಖಾನ್. ಚೆಂಡು ಅವರ ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು. ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳು ಅವರನ್ನು ‘ಪಂಚಪಾಂಡವ’ರಲ್ಲಿ ಒಬ್ಬರೆಂದು ಕರೆಯುತ್ತಿದ್ದರು. ಅಂಥ ಆಟಗಾರನಿದ್ದ ತಂಡ 10 ಗೋಲು ಬಿಟ್ಟುಕೊಟ್ಟಿತು. ಕೊರತೆ ಇದ್ದದ್ದು ಕಾಲಿನ ಚಳಕದಲ್ಲಿ ಅಲ್ಲ ಎಂದು ಬೇರೆ ಹೇಳಬೇಕಿಲ್ಲ.

ಅಂದು ತಂಡದ ಕೋಚ್ ಆಗಿದ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರ ನಿಜವಾದ ಕೆಲಸ ಆರಂಭವಾದದ್ದು ಈ ಸೋಲಿನಿಂದ.

ರಹೀಂ ಸಾಹೇಬರು

1909ರ ಆಗಸ್ಟ್ 17ರಂದು ಹುಟ್ಟಿದ ರಹೀಂ ವೃತ್ತಿಯಿಂದ ಶಾಲಾ ಮೇಷ್ಟ್ರು. ಹೈದರಾಬಾದಿನ ಹಲವು ಶಾಲೆಗಳಲ್ಲಿ ಪಾಠ ಹೇಳಿದವರು. ಅದು ನಿಜಾಮನ ರಾಜ್ಯ. ಇಂದಿನ ಕಲಬುರಗಿ, ಬೀದರ, ರಾಯಚೂರು ಸೀಮೆಯ ಕನ್ನಡಿಗರಿಗೂ ಆಗ ಹೈದರಾಬಾದೇ ರಾಜಧಾನಿ. ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ ಅವರು ಕೊನೆಯವರೆಗೂ ದುಡಿದರು. ಅವರ ಕೈಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ದೇಶದ ತಂಡಕ್ಕೆ ಅವರು ಕೋಚ್ ಆದ ಮೇಲೆ 1951ರ ಮೊದಲ ಏಷ್ಯನ್ ಕ್ರೀಡೆಗಳಲ್ಲಿ ಭಾರತ ದೆಹಲಿಯಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಪಡೆಯಿತು. ಮರುವರ್ಷವೇ ಹೆಲ್ಸಿಂಕಿ.

10 ಗೋಲು ತಿಂದ ಕೋಚ್ ಏನು ಮಾಡಬಹುದಿತ್ತು? ಆಟಗಾರರ ಮೇಲೆ ಎಗರಾಡಬಹುದಿತ್ತು, ಅರ್ಧ ತಂಡವನ್ನು ಮನೆಗೆ ಕಳಿಸಬಹುದಿತ್ತು. ರಹೀಂ ಮಾಡಿದ್ದು ಮೇಷ್ಟ್ರು ಮಾಡುವ ಕೆಲಸ: ತಾವೇ ಮತ್ತೆ ವಿದ್ಯಾರ್ಥಿಯಾದರು. 1953ರಲ್ಲಿ ಹಂಗೆರಿ ಇಂಗ್ಲೆಂಡಿಗೇ ಹೋಗಿ 6-3ರಿಂದ ಗೆದ್ದು ಜಗತ್ತನ್ನು ಬೆರಗುಗೊಳಿಸಿತ್ತು. ಅದರ ಗುಟ್ಟು ಸರಳವಾಗಿತ್ತು. ಮುಂದೆ ನಿಂತು ಗೋಲಿಗಾಗಿ ಕಾಯಬೇಕಾದ ಸೆಂಟರ್ ಫಾರ್ವರ್ಡ್ ಹಿಂದಕ್ಕೆ ಸರಿದು ಆಡುತ್ತಿದ್ದ. ಅವನನ್ನು ಕಾಯುವ ಎದುರಾಳಿಗೆ, ಹಿಂದೆ ಹೋಗಲೋ ಇಲ್ಲೇ ನಿಲ್ಲಲೋ ಎಂದು ತಿಳಿಯುತ್ತಿರಲಿಲ್ಲ. ಅವನು ಹೋದರೆ ಹಿಂದೆ ಬಾಗಿಲು ತೆರೆದಂತೆ. ರಹೀಂ ಇಂಥ ತಂತ್ರಗಳನ್ನು ಅಭ್ಯಾಸ ಮಾಡಿ ತಮ್ಮವರಿಗೆ ಹೊಂದುವಂತೆ ತಿದ್ದಿಕೊಂಡರು. 1958ರಲ್ಲಿ ಬ್ರೆಜಿಲ್ ವಿಶ್ವಕಪ್ ಗೆದ್ದ 4-2-4 ವ್ಯೂಹವೂ ಬಲುಬೇಗ ಅವರ ಪಾಠಕ್ಕೆ ಸೇರಿತು. ಬರಿಗಾಲಿನ ಹೆಮ್ಮೆಗೂ ತೆರೆ ಬಿತ್ತು. ಹೆಲ್ಸಿಂಕಿಯ ನಂತರ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು.

ಆದರೆ ವ್ಯೂಹವನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಸುಲಭ, ಕಾಲಿಗೆ ಕಲಿಸುವುದು ಕಷ್ಟ. ಇಲ್ಲಿ ರಹೀಂ ಅವರ ಜಾಣ್ಮೆ ಕಾಣುತ್ತದೆ. ನಮ್ಮ ಆಟಗಾರರ ದೊಡ್ಡ ಚಟ ಡ್ರಿಬ್ಲಿಂಗ್. ಚೆಂಡು ಸಿಕ್ಕರೆ ಸಾಕು, ಇಬ್ಬರು ಮೂವರನ್ನು ದಾಟಿಸಿ ಚಪ್ಪಾಳೆ ಗಿಟ್ಟಿಸುವ ಆಸೆ. ‘ಡ್ರಿಬ್ಲಿಂಗ್ ಮಾಡಬೇಡಿ’ ಎಂದು ಬೈದರೆ ಅದು ಹೋಗುವ ಚಟವಲ್ಲ. ರಹೀಂ ಡ್ರಿಬ್ಲಿಂಗ್ ಇಲ್ಲದ ಟೂರ್ನಿಗಳನ್ನೇ ನಡೆಸಿದರು. ಅಲ್ಲಿ ಚೆಂಡನ್ನು ಇಟ್ಟುಕೊಂಡು ಮೆರೆಯುವಂತಿಲ್ಲ, ಬಂದ ಕೂಡಲೇ ಪಾಸು ಮಾಡಬೇಕು. ಹಾಗೆ ಮಾಡಬೇಕಾದರೆ ಚೆಂಡು ಬರುವ ಮೊದಲೇ ಯಾರು ಎಲ್ಲಿದ್ದಾರೆಂದು ನೋಡಿರಬೇಕು. ಚೆಂಡಿಲ್ಲದವನು ನಿಂತಲ್ಲಿ ನಿಲ್ಲದೆ ಖಾಲಿ ಜಾಗಕ್ಕೆ ಓಡಬೇಕು. ಒಂದೇ ನಿಯಮದಿಂದ ಕಣ್ಣು, ತಲೆ, ಕಾಲು ಮೂರಕ್ಕೂ ಕೆಲಸ.

ಇನ್ನೊಂದು ಟೂರ್ನಿಯಲ್ಲಿ ಬಲಗಾಲಿನವರು ಎಡಗಾಲಲ್ಲಿ, ಎಡಗಾಲಿನವರು ಬಲಗಾಲಲ್ಲಿ ಮಾತ್ರ ಆಡಬೇಕು. ಮೊದಲ ದಿನ ಎಂಥ ಪ್ರಚಂಡನೂ ಕಲಿಯುವ ಮಗುವಿನಂತೆ ಎಡವುತ್ತಾನೆ. ಅದರಿಂದ ಅಹಂಕಾರ ಇಳಿಯುತ್ತದೆ, ಜೊತೆಗೆ ಎರಡನೆಯ ಕಾಲೂ ದಕ್ಕುತ್ತದೆ. ಮೈಕಟ್ಟು ಚಿಕ್ಕದೆಂದು ಹಿಂದೆ ಬಿದ್ದ ಹುಡುಗರಿಗೆ ಪ್ರತ್ಯೇಕ ಪಂದ್ಯಗಳೂ ಇದ್ದವು. ಶಿಕ್ಷೆ ಎಂದು ಹೇಳಿ ಓಡಿಸುವುದಕ್ಕೂ ಆಟ ಎಂದು ಹೇಳಿ ಕಲಿಸುವುದಕ್ಕೂ ಇರುವ ವ್ಯತ್ಯಾಸ ಇದು. ನಿಯಮ ಎರಡರಲ್ಲೂ ಕಟ್ಟುನಿಟ್ಟು. ಒಂದರಲ್ಲಿ ನಿಯಮ ಮೀರಿದವನು ಬಿಸಿಲಲ್ಲಿ ನಿಲ್ಲುತ್ತಾನೆ, ಇನ್ನೊಂದರಲ್ಲಿ ಪಂದ್ಯವೇ ಅವನಿಗೆ ಪಾಠ ಹೇಳುತ್ತದೆ.

ಬಾಡಿಗೆ ಸೈಕಲ್ಲು

ತುಳಸೀದಾಸ್ ಬಲರಾಂ ಅವರ ಕತೆ ಇಲ್ಲಿ ಹೇಳಲೇಬೇಕು. ಸಿಕಂದರಾಬಾದಿನ ಹೊರವಲಯದ ಅಮ್ಮುಗುಡ ಎಂಬಲ್ಲಿಯ ಬಡ ಹುಡುಗ. ಆಟ ನೋಡಿದ ರಹೀಂ ಅವನನ್ನು ಅಭ್ಯಾಸಕ್ಕೆ ಬರಹೇಳಿದರು. ಹುಡುಗ ಬರಲಾರೆ ಎಂದ. ಸೋಮಾರಿತನದಿಂದಲ್ಲ, ಮೈದಾನ ಬಹಳ ದೂರ, ದಿನವೂ ಬಂದುಹೋಗಲು ಕೈಯಲ್ಲಿ ಕಾಸಿಲ್ಲ. ಜರಡಿ ಹಿಡಿದ ಕೋಚ್ ಆಗಿದ್ದರೆ, ‘ಆಸಕ್ತಿ ಇದ್ದವನು ಹೇಗಾದರೂ ಬರುತ್ತಾನೆ’ ಎಂದು ಮುಂದೆ ಹೋಗುತ್ತಿದ್ದ. ರಹೀಂ ಬಾಡಿಗೆ ಸೈಕಲ್ಲಿಗೆ ತಾವೇ ಹಣ ಕೊಟ್ಟರು. ಹುಡುಗ ಬಂದ. 1956ರಲ್ಲಿ ಅವನು ಮೆಲ್ಬರ್ನ್ ಒಲಿಂಪಿಕ್ಸಿನ ಭಾರತ ತಂಡದಲ್ಲಿದ್ದ. ಮುಂದೆ ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿಯವರೊಡನೆ ಬಲರಾಂ ಹೆಸರು ಭಾರತದ ಫುಟ್‌ಬಾಲಿನ ತ್ರಿಮೂರ್ತಿಗಳಲ್ಲಿ ಸೇರಿತು. 2023ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೂ ಅವರು ರಹೀಂ ಸಾಹೇಬರನ್ನು ಮರೆಯಲಿಲ್ಲ.

ಮೆಲ್ಬರ್ನ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಸೆಮಿಫೈನಲಿನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. ಮೊದಲ ಗೋಲು ಭಾರತದ್ದೇ! ಕೊನೆಗೆ 1-4ರಿಂದ ಸೋತರೂ, ನಾಲ್ಕೇ ವರ್ಷದ ಹಿಂದಿನ 10-1ನ್ನು ನೆನೆದರೆ ಆ ನಡುವಿನ ಪಾಠದ ಬೆಲೆ ತಿಳಿಯುತ್ತದೆ. ಒಲಿಂಪಿಕ್ಸ್ ಫುಟ್‌ಬಾಲಿನ ಸೆಮಿಫೈನಲ್ ಮುಟ್ಟಿದ ಮೊದಲ ಏಷ್ಯನ್ ತಂಡ ಭಾರತ. ಆ ತಂಡದ ಹಾಫ್‌ಬ್ಯಾಕುಗಳಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಗೋಲು ಹೊಡೆಯುವವರ ಹೆಸರು ಪತ್ರಿಕೆಯ ತಲೆಬರಹಕ್ಕೆ ಬರುತ್ತದೆ. ಹಿಂದೆ ನಿಂತು ಚೆಂಡು ಕಸಿದು ಒಪ್ಪಿಸುವ ಕೆಂಪಯ್ಯನಂಥವರ ಹೆಸರು ತಂಡದ ಪಟ್ಟಿಯಲ್ಲಷ್ಟೇ ಉಳಿಯುತ್ತದೆ. ರಹೀಂ ಅವರ ಶಿಸ್ತು ನಿಂತಿದ್ದು ಇಂಥವರ ಮೇಲೆ.

ಜಕಾರ್ತದ ಉಡುಗೊರೆ

1962ರ ಜಕಾರ್ತ ಏಷ್ಯನ್ ಕ್ರೀಡೆಗಳು ಅವರ ಕೊನೆಯ ಪರೀಕ್ಷೆ. ಆ ಹೊತ್ತಿಗೆ ಕ್ಯಾನ್ಸರ್ ಅವರ ದೇಹವನ್ನು ಹೊಕ್ಕಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ಎದುರು 0-2ರ ಸೋಲು. ಅನಂತರ ಥಾಯ್ಲೆಂಡ್ ಮತ್ತು ಜಪಾನ್ ಮೇಲೆ ಗೆಲುವು. ಇದರ ನಡುವೆ ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೇಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡರು. ಹಿಂದೆ ನಿಂತರೆ ತಲೆಯಿಂದ ಚೆಂಡು ಹೊಡೆಯುತ್ತಲೇ ಇರಬೇಕು. ರಹೀಂ ಅವರನ್ನು ಹೊರಗಿಡಲಿಲ್ಲ. ಸೆಂಟರ್ ಫಾರ್ವರ್ಡ್ ಆಗಿ ಮುಂದಕ್ಕೆ ಕಳಿಸಿದರು! ಪ್ರತಿಯೊಬ್ಬನಿಗೂ ಪಕ್ಕದವನ ಕೆಲಸ ಗೊತ್ತಿರಬೇಕೆಂದು ಕಲಿಸಿದ್ದರಿಂದಲೇ ಇಂಥ ಅದಲುಬದಲು ಸಾಧ್ಯವಾಯಿತು.

ಹೊರಗಿನ ವಾತಾವರಣವೂ ಕೆಟ್ಟಿತ್ತು. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೋನೇಷ್ಯ ಪ್ರವೇಶ ಕೊಡದಿದ್ದುದನ್ನು ಭಾರತದ ಜಿ.ಡಿ. ಸೋಂಧಿ ಟೀಕಿಸಿದ್ದರಿಂದ ಅಲ್ಲಿನ ಜನ ಭಾರತೀಯರ ಮೇಲೆ ಕೆರಳಿದ್ದರು. ನಮ್ಮ ರಾಯಭಾರ ಕಚೇರಿಯ ಮೇಲೆ ದಾಳಿಯೂ ನಡೆಯಿತು. ಸೆಪ್ಟೆಂಬರ್ 4ರ ಫೈನಲಿನಲ್ಲಿ ಭಾರಿ ಜನಸ್ತೋಮ ನಮ್ಮ ತಂಡವನ್ನು ಮೂದಲಿಸುತ್ತಿದ್ದಾಗ ಭಾರತದ ಪರ ಕೂಗಿದವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರು ಸೇರಿದ್ದರು ಎಂಬುದು ಇಂದಿಗೂ ಹೇಳಿಕೊಳ್ಳುವ ಸಂಗತಿ. ಪಂದ್ಯದ ಹಿಂದಿನ ರಾತ್ರಿ ರಹೀಂ ಹುಡುಗರನ್ನು ಕೂರಿಸಿಕೊಂಡು ತಮಗೆ ಒಂದು ಉಡುಗೊರೆ ಬೇಕೆಂದು ಕೇಳಿದರಂತೆ: ನಾಳೆಯ ಚಿನ್ನ. ಬೆತ್ತ ಹಿಡಿದವರು ಕೇಳುವ ಮಾತಲ್ಲ ಅದು. ಪಿ.ಕೆ. ಬ್ಯಾನರ್ಜಿ ಒಂದು, ತಲೆಗೆ ಹೊಲಿಗೆ ಬಿದ್ದಿದ್ದ ಜರ್ನೇಲ್ ಒಂದು ಗೋಲು ಹೊಡೆದರು. ಮೊದಲು ಸೋಲಿಸಿದ್ದ ಕೊರಿಯವನ್ನೇ ಭಾರತ 2-1ರಿಂದ ಸೋಲಿಸಿತು. ಬೆಂಗಳೂರಿನ ಅರುಮೈನಾಯಗಂ ಆ ಬಾರಿಯ ತಂಡದಲ್ಲಿದ್ದರು.

1963ರ ಜೂನ್ 11ರಂದು ರಹೀಂ ತೀರಿಕೊಂಡರು. ಏಷ್ಯನ್ ಕ್ರೀಡೆಗಳಲ್ಲಿ ಭಾರತದ ಫುಟ್‌ಬಾಲ್ ತಂಡ ಆಮೇಲೆ ಚಿನ್ನ ಗೆದ್ದಿಲ್ಲ.

ಮೇಷ್ಟ್ರ ನಂತರ

ಒಬ್ಬ ಮೇಷ್ಟ್ರು ಹೋದರೆ ಶಾಲೆ ಮುಚ್ಚಬಾರದು. ಇಲ್ಲಿ ಹಾಗೆ ಆಯಿತು. ಅವರ ಟೂರ್ನಿಗಳನ್ನು ದೇಶದ ಬೇರೆ ಕಡೆ ಯಾರೂ ಮುಂದುವರಿಸಲಿಲ್ಲ. ಜಗತ್ತು 90 ನಿಮಿಷ ಆಡುತ್ತಿದ್ದಾಗ ನಮ್ಮ ದೇಶೀ ಪಂದ್ಯಗಳು 1970ರ ದಶಕದ ಆರಂಭದವರೆಗೂ 70 ನಿಮಿಷಕ್ಕೇ ಮುಗಿಯುತ್ತಿದ್ದವು. ಆಟಗಾರರಿಗೆ ಶಿಸ್ತು ಬೋಧಿಸುವ ಸಂಸ್ಥೆಗಳು ತಮಗೇ ಒಂದು ಶಿಸ್ತು ಹಾಕಿಕೊಳ್ಳಲಿಲ್ಲ. ನಮ್ಮ ರಾಜ್ಯದ ಕತೆಯೂ ಬೇರೆಯಲ್ಲ. 1967-68 ಮತ್ತು 1968-69ರಲ್ಲಿ ಮೈಸೂರು ಸತತವಾಗಿ ಸಂತೋಷ್ ಟ್ರೋಫಿ ಗೆದ್ದ ಮೇಲೆ, ಕರ್ನಾಟಕಕ್ಕೆ ಅದು ಮತ್ತೆ ದಕ್ಕಿದ್ದು 2023ರ ಮಾರ್ಚಿನಲ್ಲಿ, ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ 54 ವರ್ಷ! 2024ರಲ್ಲಿ ‘ಮೈದಾನ್’ ಎಂಬ ಹಿಂದಿ ಚಿತ್ರ ಬಂದಾಗಲಷ್ಟೇ ಹೊಸ ತಲೆಮಾರಿನ ಬಹುಪಾಲು ಮಂದಿ ರಹೀಂ ಅವರ ಹೆಸರು ಕೇಳಿದರು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಗೆ ಇದರಿಂದೇನು ಎಂದು ಕೇಳಬಹುದು. ಇಲ್ಲಿ ಫುಟ್‌ಬಾಲ್ ಎಂದೂ ಮೊದಲ ಆಟವಲ್ಲ. ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿ, ಬೇಸಿಗೆಯ ಕ್ರಿಕೆಟ್ಟು, ಇವುಗಳ ನಡುವೆ ಮಳೆ ಬಿಟ್ಟ ಸಂಜೆ ಕೆಸರಲ್ಲಿ ಒಂದಿಷ್ಟು ಕಾಲ್ಚೆಂಡು. ಆದರೆ ಆಟ ಯಾವುದಾದರೂ ಕಷ್ಟ ಒಂದೇ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಸಂಜೆ ಐದಕ್ಕೆ ಅಭ್ಯಾಸ ಎನ್ನುತ್ತಾರೆ. ಹಳ್ಳಿಯ ಹುಡುಗನ ಕೊನೆಯ ಬಸ್ಸು ಐದೂಕಾಲಿಗೆ. ಅಡಿಕೆ ಕೊಯ್ಲು ಬಂತೆಂದರೆ ಮನೆಯಲ್ಲಿ ಸುಲಿಯಲು ಕೈ ಬೇಕು. ಹುಡುಗ ವಾರಗಟ್ಟಲೆ ಮೈದಾನಕ್ಕೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬೀಳುವ ಗೆರೆ ‘ಅಶಿಸ್ತು’ ಎಂದೇ ಓದಲ್ಪಡುತ್ತದೆ. ಹೊಸದಾಗಿ ಬಂದ ಕಟ್ಟುನಿಟ್ಟಿನ ಮೇಷ್ಟ್ರು ಮೊದಲು ಹೊಡೆದುಹಾಕುವುದು ಆ ಹೆಸರನ್ನೇ. ತಂಡದಲ್ಲಿ ಕೊನೆಗೆ ಉಳಿಯುವವರು ಪೇಟೆಯಲ್ಲಿ ಮನೆಯಿದ್ದವರು. ಅದನ್ನೇ ನಾವು ಶಿಸ್ತಿನ ತಂಡ ಎಂದು ಕರೆಯುತ್ತೇವೆ.

ಅಡಿಕೆ ಮಂಡಿಯಲ್ಲಿ ರಾಶಿ ಬೇರೆ, ಚಾಲಿ ಬೇರೆ, ಸಿಪ್ಪೆಗೋಟು ಬೇರೆ ಎಂದು ವಿಂಗಡಿಸುವ ಕೆಲಸ ಬೇಕು, ನಿಜ. ಅದು ಮಾರಾಟದ ಹೊತ್ತಿನ ಕೆಲಸ. ವಿಂಗಡಿಸುವುದರಿಂದ ಅಡಿಕೆ ಬೆಳೆಯುವುದಿಲ್ಲ. ಮಳೆಗೆ ಮುಂಚೆ ಕೊಳೆರೋಗಕ್ಕೆ ಔಷಧಿ ಹೊಡೆಯುವುದು, ಬಸಿಗಾಲುವೆ ತೆಗೆಯುವುದು, ಸೊಪ್ಪು ಹಾಕುವುದು, ಇವುಗಳಿಗೂ ಒಂದು ಕಾಲ, ಒಂದು ಕ್ರಮ ಇದೆ. ಒಂದು ವಾರ ತಪ್ಪಿದರೆ ವರ್ಷದ ಫಸಲು ಹೋಗುತ್ತದೆ. ಅದಕ್ಕಿಂತ ಕಟ್ಟುನಿಟ್ಟಾದ ಶಿಸ್ತು ಯಾವುದಿದೆ? ಆದರೆ ಆ ಶಿಸ್ತನ್ನು ಪಾಲಿಸಬೇಕಾದವನು ಮರವಲ್ಲ, ತೋಟದ ಯಜಮಾನ.

ರಹೀಂ ಸಾಹೇಬರು ಬಿಟ್ಟುಹೋದ ಪಾಠ ಇಷ್ಟೇ. ಮುಂದಿನ ಬಾರಿ ಸೋತ ತಂಡಕ್ಕೆ ಹೊಸ ಮೇಷ್ಟ್ರು ಬಂದು ಸೀಟಿ ಊದಿದಾಗ, ಕಟ್ಟೆಯ ಮೇಲೆ ಕುಳಿತವರು ಎಷ್ಟು ಹುಡುಗರು ಓಡಿಹೋದರು ಎಂದು ಎಣಿಸುವುದು ಬೇಡ. ಕೊನೆಯ ಬಸ್ಸಿನ ಹುಡುಗನಿಗೆ ಅವರು ಏನು ದಾರಿ ಮಾಡಿದರು ಎಂದು ವಿಚಾರಿಸಿದರೆ ಸಾಕು.